ಹಾಸನದ ಸರ್ವೋ ಟ್ಯೂನಿಂಗ್ ಸೇವೆ: ಅಳೆದು ಮಾಡಿದ ಕೆಲಸ

ಹಾಸನದಿಂದ ಬಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ಸರ್ವೋ ಟ್ಯೂನಿಂಗ್, ಅಂದರೆ ಟೇಬಲ್ ಓಡಿಸುವ ಮೋಟಾರುಗಳ ನಿಯಂತ್ರಣವನ್ನು ಹದಗೊಳಿಸುವ ಕೆಲಸ, ಮಾಡಿಕೊಡುವ ಇಬ್ಬರು ತಂತ್ರಜ್ಞರ ಸೇವೆಯನ್ನು ನಮ್ಮ ವರ್ಕ್‌ಶಾಪಿನ ಹಳೆಯ ಮಿಲ್ಲಿಂಗ್ ಯಂತ್ರಕ್ಕಾಗಿ ಪಡೆದುಕೊಂಡೆವು. ಕಾಫಿ ಪಲ್ಪರ್‌ಗಳ ಬೇರಿಂಗ್ ಹೌಸಿಂಗ್ ತಯಾರಿಸುವ ನಮ್ಮಲ್ಲಿ ದೊಡ್ಡ ರಂಧ್ರಗಳನ್ನು ಎಂಡ್ ಮಿಲ್ ಎಂಬ ಕತ್ತರಿಸುವ ಟೂಲನ್ನು ವೃತ್ತಾಕಾರದ ಹಾದಿಯಲ್ಲಿ ಸಾಗಿಸಿ ತೆಗೆಯುತ್ತೇವೆ. ಅವು ದುಂಡಗಾಗದೆ 45 ಡಿಗ್ರಿ ಓರೆಯಲ್ಲಿ ಅಂಡಾಕಾರ ತಾಳುತ್ತಿದ್ದವು. ವೈ ಆಕ್ಸಿಸ್ (ಟೇಬಲ್ ಚಲಿಸುವ ಎರಡು ದಿಕ್ಕುಗಳಲ್ಲಿ ಒಂದು; ಇನ್ನೊಂದು ಎಕ್ಸ್) ನಿಂತಲ್ಲೇ ಗುಂಯ್‌ಗುಡುತ್ತಿತ್ತು. ಮೊದಲು ಬಂದಿದ್ದ ಬೇರೊಬ್ಬರು ಮೋಟಾರನ್ನು ನಡೆಸುವ ಡ್ರೈವ್‌ನ ಆಟೋ ಟ್ಯೂನ್ ನಡೆಸಿ, ಗೇನ್ (ದೋಷಕ್ಕೆ ಎಷ್ಟು ಬಲವಾಗಿ ಸ್ಪಂದಿಸಬೇಕೆಂಬ ಅಂಕಿ) ಏರಿಸಿ ಹೋದರು. ಸದ್ದು ಹೆಚ್ಚಿತೇ ಹೊರತು ರಂಧ್ರ ಸರಿಹೋಗಲಿಲ್ಲ.

ಈ ತಂತ್ರಜ್ಞರು ಯಾವ ಪ್ಯಾರಾಮೀಟರನ್ನೂ ಮುಟ್ಟುವ ಮುನ್ನ ಬಾಲ್ ಸ್ಕ್ರೂವಿನ ಕಪ್ಲಿಂಗ್, ಥ್ರಸ್ಟ್ ಬೇರಿಂಗ್, ಗಿಬ್ (ಟೇಬಲ್ ಜಾರುವ ಹಾದಿಯ ಸಡಿಲ ಹೊಂದಿಸುವ ಪಟ್ಟಿ) ಮೂರನ್ನೂ ಪರಿಶೀಲಿಸಿ, ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಾಗುವಾಗಿನ ಸಡಿಲ, ಅಳೆದರು. ನಮ್ಮ ಯಂತ್ರದಲ್ಲಿ ಸ್ಥಾನ ಅಳೆಯುವ ಎನ್‌ಕೋಡರ್ ಇರುವುದು ಮೋಟಾರಿನ ಬೆನ್ನಿಗೆ. ಅದರಾಚೆಗಿನ ಸಡಿಲವು, ಅಳೆದು ತಿದ್ದುತ್ತಲೇ ಇರುವ ನಿಯಂತ್ರಣದ ಸುತ್ತಿನ, ಅಂದರೆ ಲೂಪಿನ, ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ಅದನ್ನು ಗೇನ್‌ನಿಂದ ಸರಿಪಡಿಸಲಾಗದು. ವೈ ಆಕ್ಸಿಸ್‌ನ ಕಪ್ಲಿಂಗ್ ಸ್ಕ್ರೂ ಸಡಿಲವಾಗಿತ್ತು, ಗಿಬ್‌ಗೆ ಎಣ್ಣೆ ಸರಿಯಾಗಿ ತಲುಪುತ್ತಿರಲಿಲ್ಲ. ಎರಡನ್ನೂ ಸರಿಪಡಿಸಿದ ಮೇಲೆಯೇ ಲ್ಯಾಪ್‌ಟಾಪ್ ತೆರೆದರು.

ಸರ್ವೋದಲ್ಲಿ ಒಂದರೊಳಗೊಂದು ಮೂರು ಲೂಪ್‌ಗಳಿರುತ್ತವೆ: ಒಳಗೆ ಕರೆಂಟ್, ನಡುವೆ ವೇಗ, ಹೊರಗೆ ಸ್ಥಾನ. ಒಳಗಿನದು ಗಟ್ಟಿಯಾಗದೆ ಹೊರಗಿನದನ್ನು ತಿದ್ದುವುದು ವ್ಯರ್ಥ. ಕರೆಂಟ್ ಲೂಪನ್ನು ಮೋಟಾರಿಗೆ ಹೊಂದಿಸಿದ್ದ ಮೂಲ ಮೌಲ್ಯಗಳಲ್ಲೇ ಬಿಟ್ಟು, ವೇಗದ ಲೂಪಿಗೆ ಸ್ಟೆಪ್ ಆಜ್ಞೆ (ವೇಗವನ್ನು ಒಮ್ಮೆಲೇ ಬದಲಿಸುವ ಆಜ್ಞೆ) ಕೊಟ್ಟು, ತೆರೆಯ ಮೇಲಿನ ಗ್ರಾಫ್ ನೋಡುತ್ತ ದೋಷದ ಪ್ರಮಾಣಕ್ಕೆ ತಕ್ಕಂತೆ ಸ್ಪಂದಿಸುವ ಪ್ರಪೋರ್ಷನಲ್ ಗೇನನ್ನು ಕಂಪನ ಕಾಣುವವರೆಗೆ ಏರಿಸಿ ಮತ್ತೆ ಇಳಿಸಿದರು. ಇಂಟಿಗ್ರಲ್ ಉಳಿದ ದೋಷವನ್ನು ಕೂಡಿಹಾಕಿ ತೀರಿಸುವಂಥದ್ದು. ಅದು ಅತಿಯಾದಾಗ, ಒಣಗಿದ ಗಿಬ್‌ನ ಹಿಡಿತಕ್ಕೆ ಸಿಕ್ಕ ಟೇಬಲ್ ಅತ್ತಿತ್ತ ತಡಕಾಡುತ್ತದೆ. ಎಣ್ಣೆ ತಲುಪಿ, ಇಂಟಿಗ್ರಲ್ ಇಳಿದಾಗ ನಮ್ಮ ಗುಂಯ್ ಸದ್ದು ನಿಂತಿತು. ದೋಷ ಬದಲಾಗುವ ವೇಗಕ್ಕೆ ಸ್ಪಂದಿಸುವ ಡಿರೈವೇಟಿವ್ ಅನ್ನು ಸೊನ್ನೆಯಲ್ಲೇ ಇಟ್ಟರು, ಏಕೆಂದರೆ ಅದು ಎನ್‌ಕೋಡರ್ ಸಂಕೇತದ ಸಣ್ಣ ಒರಟುತನವನ್ನೂ ದೊಡ್ಡದು ಮಾಡುತ್ತದೆ.

ಅಂಡಾಕಾರದ ಕಾರಣ ಪತ್ತೆಹಚ್ಚಿದ ರೀತಿಯೇ ಈ ಸೇವೆಯಲ್ಲಿ ನಾನು ಹೆಚ್ಚು ಮೆಚ್ಚಿದ ಭಾಗ. ಎಂಡ್ ಮಿಲ್ಲನ್ನು ವೃತ್ತದ ಹಾದಿಯಲ್ಲಿ ಎದುರು ದಿಕ್ಕಿಗೆ ಸಾಗಿಸಿ ಮತ್ತೊಂದು ರಂಧ್ರ ತೆಗೆದರು. ಅಂಡದ ಓರೆಯೂ ಮಗ್ಗುಲು ಬದಲಿಸಿತು. ಎರಡು ಆಕ್ಸಿಸ್‌ಗಳು ಆಜ್ಞೆಗಿಂತ ಬೇರೆಬೇರೆ ದೂರ ಹಿಂದುಳಿಯುತ್ತಿವೆ ಎಂಬುದಕ್ಕೆ ಇದೇ ಸುಳಿವು. ಫೀಡ್‌ಫಾರ್ವರ್ಡ್ (ದೋಷಕ್ಕೆ ಕಾಯದೆ ಆಜ್ಞೆಯ ವೇಗವನ್ನು ನೇರವಾಗಿ ಮುಂದಕ್ಕೆ ಕೊಡುವುದು) ಇಲ್ಲದಾಗ ಟೇಬಲ್ ಆಜ್ಞೆಗಿಂತ ಹಿಂದುಳಿಯುವ ದೂರ, ವೇಗವನ್ನು ಸ್ಥಾನದ ಗೇನ್‌ನಿಂದ ಭಾಗಿಸಿದಷ್ಟಿರುತ್ತದೆ. ಉದಾಹರಣೆಗೆ, ನಿಮಿಷಕ್ಕೆ 3000 ಮಿ.ಮೀ. ಫೀಡ್ ಎಂದರೆ ಸೆಕೆಂಡಿಗೆ 50 ಮಿ.ಮೀ.; ಗೇನ್ 40 ಇರುವ ಆಕ್ಸಿಸ್ 1.25 ಮಿ.ಮೀ. ಹಿಂದಿದ್ದರೆ 25 ಇರುವುದು 2 ಮಿ.ಮೀ. ಹಿಂದಿರುತ್ತದೆ. ಎರಡೂ ಸಮನಾಗಿ ಹಿಂದುಳಿದರೆ ಅಂಥ ಓರೆ ಬರುವುದಿಲ್ಲ. ಆದ್ದರಿಂದ ಎಕ್ಸ್ ಆಕ್ಸಿಸ್‌ನ ಗೇನನ್ನು, ವೈ ಆಕ್ಸಿಸ್ ನೆಮ್ಮದಿಯಿಂದ ತಾಳುವ ಮಟ್ಟಕ್ಕೆ ತಂದು ಸಮಮಾಡಿದರು. ಒಂದೇ ಆಕ್ಸಿಸ್ ಚುರುಕಾಗಿದ್ದು ಪ್ರಯೋಜನವಿಲ್ಲ ಎಂಬ ಅವರ ಮಾತು ನನಗೆ ಪೂರ್ಣ ಒಪ್ಪಿಗೆ. ಬಳಿಕ ಎರಡಕ್ಕೂ ಸಮನಾಗಿ ವೇಗದ ಫೀಡ್‌ಫಾರ್ವರ್ಡ್ ಸೇರಿಸಿ ಹಿಂದುಳಿಕೆಯನ್ನೇ ತಗ್ಗಿಸಿದರು. ಈಗ ಬೇರಿಂಗ್‌ಗಳು ತಕರಾರಿಲ್ಲದೆ ಕೂರುತ್ತಿವೆ.

ಕೊರತೆಗಳೂ ಇವೆ. ಲೋಹ ಕತ್ತರಿಸದೆಯೇ ವೃತ್ತಚಲನೆಯನ್ನು ಅಳೆಯುವ ಬಾಲ್‌ಬಾರ್ ಉಪಕರಣ ಅವರ ಬಳಿ ಇಲ್ಲ. ವೃತ್ತದ ಪರೀಕ್ಷೆಗೆ ಲೋಹ ಕತ್ತರಿಸಿಯೇ ನೋಡಬೇಕು, ಅದರಲ್ಲಿ ಟೂಲಿನ ಬಾಗುವಿಕೆಯೂ ಬೆರೆಯುತ್ತದೆ. ಖಾಲಿ ಟೇಬಲ್ ಮೇಲೆ ಟ್ಯೂನಿಂಗ್ ಮುಗಿಸಲು ಹೊರಟಿದ್ದರು. ನಾವು ಕೇಳಿದ ಮೇಲೆ ಭಾರವಾದ ಫಿಕ್ಸ್ಚರ್ (ಕತ್ತರಿಸುವ ಭಾಗವನ್ನು ಹಿಡಿದಿಡುವ ಸಾಧನ) ಏರಿಸಿ ಮರುಪರೀಕ್ಷೆ ಮಾಡಿದರು. ಭಾರ ಬದಲಾದರೆ ಲೂಪಿನ ನಡೆ ಬದಲಾಗುವುದರಿಂದ ಇದನ್ನು ಅವರೇ ವಾಡಿಕೆ ಮಾಡಿಕೊಳ್ಳಬೇಕು. ಪ್ಯಾರಾಮೀಟರ್‌ಗಳ ಹಳೆಯ ಮತ್ತು ಹೊಸ ಮೌಲ್ಯಗಳೆರಡನ್ನೂ ಗ್ರಾಫ್‌ಗಳ ಸಹಿತ ಮುದ್ರಿಸಿ ಕೊಟ್ಟರಾದರೂ ವರದಿ ಇಂಗ್ಲಿಷಿನಲ್ಲಷ್ಟೇ ಇದೆ. ಯಂತ್ರ ನಡೆಸುವ ನಮ್ಮ ಹುಡುಗರಿಗಾಗಿ ಅದನ್ನು ನಾವೇ ಕನ್ನಡದಲ್ಲಿ ಬರೆದು ಪ್ಯಾನೆಲ್ ಬಾಗಿಲಿಗೆ ಅಂಟಿಸಿದ್ದೇವೆ.

ಆಕ್ಸಿಸ್ ಲೆಕ್ಕದಲ್ಲಿ ಶುಲ್ಕವನ್ನು ಮೊದಲೇ ಹೇಳಿ, ಅಷ್ಟನ್ನೇ ಪಡೆದರು. ಚಿಕ್ಕಮಗಳೂರಿಗೂ ಬರುತ್ತಾರೆ. ಕರೆಸುವವರು ಡ್ರೈವ್‌ನ ಪ್ಯಾರಾಮೀಟರ್‌ಗಳ ಬ್ಯಾಕಪ್ ತೆಗೆದಿಟ್ಟು, ತಮ್ಮಲ್ಲಿರುವ ಅತಿ ಭಾರದ ಫಿಕ್ಸ್ಚರನ್ನು ಯಂತ್ರದ ಬಳಿ ಸಿದ್ಧವಾಗಿಡುವುದು ಒಳ್ಳೆಯದು.