ಗುಂಡಿ ತಿರುಗಿಸುವ ಎಸಿಯೋ, ಆಟೋ ಎಸಿಯೋ?

ಕಾರು ಬುಕ್ ಮಾಡುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಕೆಳಗಿನ ವೇರಿಯಂಟಿನಲ್ಲಿ ಮ್ಯಾನ್ಯುಯಲ್ ಎಸಿ, ಮೇಲಿನದರಲ್ಲಿ ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್.

ಮ್ಯಾನ್ಯುಯಲ್ ಎಸಿಗೆ ಒಳಗೆಷ್ಟು ಸೆಕೆ ಇದೆ ಅನ್ನುವುದು ಗೊತ್ತಾಗುವುದಿಲ್ಲ. ನೀಲಿ-ಕೆಂಪು ಗುಂಡಿ ತಿರುಗಿಸಿದಷ್ಟು ಇಂಜಿನ್ನಿನ ಬಿಸಿ ಗಾಳಿಗೆ ಬೆರೆಯುತ್ತದೆ, ಅಷ್ಟೇ. ಬಿಸಿಲೇರಿದರೆ ಫ್ಯಾನ್ ಹೆಚ್ಚಿಸಬೇಕು, ಮೋಡ ಕವಿದರೆ ತಗ್ಗಿಸಬೇಕು. ಆಟೋದಲ್ಲಿ 24 ಡಿಗ್ರಿ ಎಂದಿಟ್ಟರೆ ಸೆನ್ಸರ್ ಸುಳಿವು ಹಿಡಿದು ತಾನಾಗಿಯೇ ಫ್ಯಾನನ್ನು ಏರಿಳಿಸುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ದಿನವಿಡೀ ಓಡಿಸುವವರಿಗೆ ಇದು ನಿಜವಾದ ಆರಾಮ.

ಮಳೆಗಾಲದ ಆಗುಂಬೆ ಘಾಟಿಯ ಲೆಕ್ಕವೇ ಬೇರೆ. ತಿರುವಿನಲ್ಲಿ ಗಾಜು ಒಳಗಿನಿಂದ ಮಬ್ಬಾಯಿತು ಅಂದರೆ ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಕಾರಿನೊಳಗೆ ಬಾಣ ಸುತ್ತುವ ಚಿಹ್ನೆಯ ಬಟನ್ ಆಫ್ ಮಾಡಬೇಕು. ಉಸಿರಿನ ತೇವ ಒಳಗೇ ಸುತ್ತುತ್ತಿದ್ದರೆ ಗಾಜು ಬೇಗ ತಿಳಿಯಾಗದು. ಗುಂಡಿಯಾದರೆ ಕಣ್ಣು ರಸ್ತೆಯ ಮೇಲಿದ್ದರೂ ಕೈ ಅದನ್ನು ಹುಡುಕಿಕೊಳ್ಳುತ್ತದೆ. ಟಚ್‌ಸ್ಕ್ರೀನಿನಲ್ಲಿ ಹುದುಗಿಸಿದ ಎಸಿ ನನಗೆ ಸುತರಾಂ ಒಪ್ಪಿಗೆಯಿಲ್ಲ. ಆಟೋ ಬೇಕೆಂದರೆ ತೆಗೆದುಕೊಳ್ಳಿ, ಆದರೆ ಡಿಫಾಗ್‌ಗೆ, ಅಂದರೆ ಗಾಜಿನ ಮಬ್ಬು ತೆಗೆಯಲು, ಪ್ರತ್ಯೇಕ ಬಟನ್ ಇರುವುದನ್ನೇ ನೋಡಿ. ಮಲೆನಾಡಿನಲ್ಲೇ ಹೆಚ್ಚು ಓಡಾಟವಿದ್ದರೆ ಮ್ಯಾನ್ಯುಯಲ್ ಧಾರಾಳ ಸಾಕು.

ಯಾವುದೇ ಇರಲಿ, ಘಾಟಿ ಏರುವಾಗ ನೀರಿನ ಅಲೆಯ ಮೇಲೆ ಥರ್ಮಾಮೀಟರ್ ನಿಂತಂತಿರುವ ಕೆಂಪು ದೀಪ ಹೊತ್ತಿದರೆ ಎಸಿ ನಿಲ್ಲಿಸಿ, ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.