ಹದಿನೆಂಟು ಇಂಚೋ, ಹದಿನಾರೋ: ಊರೂರು ತಿರುಗುವವರ ಗೇಮಿಂಗ್ ಲ್ಯಾಪ್‌ಟಾಪ್

ನನ್ನ ಒಲವು ಹದಿನಾರು ಇಂಚಿನ ತೆಳು ಗೇಮಿಂಗ್ ಲ್ಯಾಪ್‌ಟಾಪಿನ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಿಂದ ಹಣ ಹಾಕಿ ಕೊಂಡದ್ದೂ ಅದನ್ನೇ. ಅದರ ಎದುರಿಗೆ ನಿಲ್ಲಿಸುತ್ತಿರುವ ಹದಿನೆಂಟು ಇಂಚಿನ ದೊಡ್ಡ ಯಂತ್ರ ನಮ್ಮ ಭಾವನವರದು. ಅವರು ವಿಡಿಯೊ ಸಂಕಲನಕ್ಕೆಂದು ಅದನ್ನು ತರಿಸಿಕೊಂಡಿದ್ದರು. ನಾನು ಕೊಳ್ಳುವ ಮುನ್ನ ಹಲವು ತಿಂಗಳು ಅದನ್ನು ಎರವಲು ಪಡೆದು ಬೆಳಗಾವಿ, ಹುಬ್ಬಳ್ಳಿ, ಪುಣೆಗಳಿಗೆ ಹೊತ್ತು ತಿರುಗಿದೆ. ಕಾರ್ಖಾನೆಯ ಯಂತ್ರಗಳಿಗೆ ನಿಯಂತ್ರಣ ವ್ಯವಸ್ಥೆ ಅಳವಡಿಸುವುದು ನನ್ನ ಉದ್ಯೋಗ. ಹಗಲೆಲ್ಲ ಫೌಂಡ್ರಿಯ ಧೂಳಿನಲ್ಲಿ ಕಳೆದು, ರಾತ್ರಿ ಲಾಡ್ಜಿನ ಕೋಣೆಯಲ್ಲಿ ಒಂದೆರಡು ಗಂಟೆ ಆಡುವುದು ಅಭ್ಯಾಸ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪ್ ಚೀಲದಲ್ಲಿ ಹೇಗೂ ಇರುತ್ತದೆ. ಆದ್ದರಿಂದ ಆಟದ ಯಂತ್ರ ಎಷ್ಟೇ ತೂಗಿದರೂ ಅದು ನನಗೆ ಎರಡನೆಯ ಹೊರೆ ಎಂಬುದನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕು.

ಹದಿನೆಂಟರ ತೂಕ 3 ಕೆಜಿಗಿಂತ ತುಸು ಹೆಚ್ಚು. ಅದರ 330 ವ್ಯಾಟ್ ಅಡಾಪ್ಟರನ್ನೂ ದಪ್ಪ ಕೇಬಲನ್ನೂ ಸೇರಿಸಿದರೆ ಒಟ್ಟು 4 ಕೆಜಿ ದಾಟುತ್ತದೆ. ಹದಿನಾರರದು ಅಡಾಪ್ಟರ್ ಸಮೇತ 3 ಕೆಜಿಯೊಳಗೆ ಮುಗಿಯುತ್ತದೆ. ಒಂದೂವರೆ ಕೆಜಿಯ ಅಂತರ ಕೇಳುವುದಕ್ಕೆ ದೊಡ್ಡದಲ್ಲ. ಆದರೆ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರಿಗೆ ಕೈಚೀಲದ ಮಿತಿ 7 ಕೆಜಿ. ಅದರಲ್ಲಿ ಕಚೇರಿಯ ಲ್ಯಾಪ್‌ಟಾಪ್, ಅದರ ಚಾರ್ಜರ್, ಕೆಲಸದ ಕೇಬಲ್‌ಗಳನ್ನು ಕಳೆದರೆ ಹದಿನೆಂಟಿಗೆ ಜಾಗವೇ ಉಳಿಯುವುದಿಲ್ಲ. ಲ್ಯಾಪ್‌ಟಾಪನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕುವ ಧೈರ್ಯ ನನಗಂತೂ ಇಲ್ಲ.

ವಿಮಾನದ ಇನ್ನೊಂದು ನಿಯಮ ಲ್ಯಾಪ್‌ಟಾಪುಗಳ ರಚನೆಯನ್ನೇ ನಿರ್ಧರಿಸಿದೆ. ಲಿಥಿಯಂ ಬ್ಯಾಟರಿ 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಆ ತಕರಾರು ಬೇಡವೆಂದು ತಯಾರಕರು ಅತಿ ದೊಡ್ಡ ಲ್ಯಾಪ್‌ಟಾಪಿಗೂ 99 ಚಿಲ್ಲರೆ ವ್ಯಾಟ್-ಅವರ್‌ಗಿಂತ ದೊಡ್ಡ ಬ್ಯಾಟರಿ ಹಾಕುವುದಿಲ್ಲ. ದೇಹ ದೊಡ್ಡದಾದರೆ ಬ್ಯಾಟರಿಯೂ ದೊಡ್ಡದಿರುತ್ತದೆ ಎಂಬ ನಂಬಿಕೆ ಹೀಗೆ ಬಿದ್ದುಹೋಗುತ್ತದೆ. ಎರಡರಲ್ಲೂ ಬ್ಯಾಟರಿ ಹೆಚ್ಚುಕಡಿಮೆ ಒಂದೇ, ಕರೆಂಟಿನ ಖರ್ಚು ಮಾತ್ರ ಹದಿನೆಂಟಕ್ಕೆ ಜಾಸ್ತಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಸೇರಿ 200 ವ್ಯಾಟ್ ಎಳೆದರೆ ತುಂಬಿದ ಬ್ಯಾಟರಿ ಅರ್ಧ ಗಂಟೆಯ ಮಾತು. ಅದಕ್ಕೇ ಪ್ಲಗ್ ಕಿತ್ತ ಕೂಡಲೇ ಯಂತ್ರ ತನ್ನ ವೇಗವನ್ನು ತಾನೇ ಕಡಿತಗೊಳಿಸುತ್ತದೆ. ಎಂದರೆ ಪ್ಲಗ್ ಸಿಗದ ಕಡೆ ಹದಿನೆಂಟರ ಶಕ್ತಿ ಇದ್ದೂ ಇಲ್ಲದಂತೆ.

ಆ ಪ್ಲಗ್ಗಿನ ವಿಷಯಕ್ಕೇ ಬರುತ್ತೇನೆ, ಏಕೆಂದರೆ ನನ್ನ ತೀರ್ಮಾನದ ಅರ್ಧಭಾಗ ಅಲ್ಲಿಯೇ ಆಯಿತು. ಹದಿನೆಂಟರ ಅಡಾಪ್ಟರಿನೊಂದಿಗೆ ಬಂದ ಕೇಬಲಿನ ತುದಿಯಲ್ಲಿರುವುದು 16 ಆಂಪಿಯರಿನ ಗುಂಡು ಪಿನ್ನುಗಳ ದೊಡ್ಡ ಪ್ಲಗ್. ಗೀಸರಿಗೆ, ಏಸಿಗೆ ಇರುತ್ತದಲ್ಲ, ಅದೇ. ಮನೆಯಲ್ಲಿ ಇದು ಸಮಸ್ಯೆಯೇ ಅಲ್ಲ, ಭಾವನವರಿಗೆ ನಾನು ಹೇಳುವವರೆಗೂ ಗೊತ್ತೇ ಇರಲಿಲ್ಲ. ಲಾಡ್ಜಿನಲ್ಲಿ ಮಾತ್ರ ಇದು ದೊಡ್ಡ ಪೇಚು. ಅಲ್ಲಿಯ ಕೋಣೆಗಳಲ್ಲಿ ಮೇಜಿನ ಬಳಿ, ಮಂಚದ ಬಳಿ ಇರುವುದೆಲ್ಲ 6 ಆಂಪಿಯರಿನ ಸಣ್ಣ ಸಾಕೆಟ್‌ಗಳು, ಜನ ಈಗಲೂ ಐದು ಆಂಪು ಎನ್ನುತ್ತಾರಲ್ಲ, ಅವು. ದೊಡ್ಡ ಸಾಕೆಟ್ ಇರುವುದು ಎರಡೇ ಕಡೆ: ಒಂದು ಏಸಿಯ ಪಕ್ಕ, ಸೂರಿನ ಹತ್ತಿರ, ಇನ್ನೊಂದು ಬಚ್ಚಲುಮನೆಯ ಗೀಸರಿನ ಬಳಿ. ಬೆಳಗಾವಿಯ ಲಾಡ್ಜೊಂದರಲ್ಲಿ ಕೋಣೆ ತೋರಿಸಲು ಬಂದ ಹುಡುಗನನ್ನು ಕೇಳಿದರೆ, ‘ಬಾತ್‌ರೂಮಿನಾಗ ದೊಡ್ಡ ಪ್ಲಗ್ ಐತಲ್ರಿ ಸರ, ಅಲ್ಲೇ ಹಚ್ಕೋರಿ’ ಎಂದು ಉಪಕಾರದ ದನಿಯಲ್ಲಿ ಹೇಳಿ ಹೋದ.

ವಿಚಿತ್ರವೆಂದರೆ ಈ ಅಡಾಪ್ಟರಿಗೆ ಅಷ್ಟು ದೊಡ್ಡ ಪ್ಲಗ್ ಬೇಕಾಗಿಯೇ ಇಲ್ಲ. 330 ವ್ಯಾಟನ್ನು ನಮ್ಮ 230 ವೋಲ್ಟಿನಿಂದ ಭಾಗಿಸಿ, ಅಡಾಪ್ಟರಿನಲ್ಲಿ ಬಿಸಿಯಾಗಿ ಪೋಲಾಗುವ ಪಾಲನ್ನು ಸೇರಿಸಿದರೂ ಎರಡು ಆಂಪಿಯರ್ ಮುಟ್ಟುವುದಿಲ್ಲ. ಇಸ್ತ್ರಿಪೆಟ್ಟಿಗೆ ಇದರ ಎರಡು ಮೂರು ಪಟ್ಟು ಎಳೆಯುತ್ತದೆ, ಆದರೂ ಸಣ್ಣ ಪ್ಲಗ್ಗಿನಲ್ಲಿಯೇ ಬರುತ್ತದೆ. ನಮ್ಮ ದೇಶದಲ್ಲಿ ಪ್ಲಗ್ಗುಗಳ ದರ್ಜೆ 6 ಮತ್ತು 16 ಎಂದು ಎರಡೇ ಇರುವುದರಿಂದ, ನಡುವಿನ ದರ್ಜೆಯ ಕೇಬಲ್ ಕೊಡುವವರು ಮೇಲಿನದಕ್ಕೆ ಹಾರುತ್ತಾರೆಂಬುದು ನನ್ನ ಊಹೆ. ಕಾರಣ ಏನೇ ಇರಲಿ, ಗೇಮಿಂಗ್ ಲ್ಯಾಪ್‌ಟಾಪ್ ಕೊಂಡ ಅನೇಕರು ಈ ಗುಂಡು ಪಿನ್ನಿನ ಎದುರು ತಲೆ ಕೆರೆದುಕೊಂಡವರೇ.

ಪರಿಹಾರವೆಂದು ಎಲ್ಲರೂ ಮೊದಲು ಕೊಳ್ಳುವುದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುವ ಕನ್ವರ್ಟರ್. ನಾನೂ ತಂದೆ. ಆ ಕನ್ವರ್ಟರು ಗೋಡೆಯಿಂದ ನಾಲ್ಕು ಬೆರಳು ಹೊರಗೆ ಚಾಚಿರುತ್ತದೆ. ಅದರ ತುದಿಗೆ ದೊಡ್ಡ ಪ್ಲಗ್ಗು, ಆ ಪ್ಲಗ್ಗಿಗೆ ದಪ್ಪ ಕೇಬಲ್ಲು ಜೋತುಬಿದ್ದು, ಲಾಡ್ಜಿನ ಸಡಿಲ ಸಾಕೆಟ್ಟಿನಿಂದ ಇಡೀ ಸರಂಜಾಮು ಮೆಲ್ಲಗೆ ಕೆಳಕ್ಕೆ ಬಾಗತೊಡಗುತ್ತದೆ. ಒಳಗಿಂದ ಚಿರ್ ಚಿರ್ ಸದ್ದು ಬಂದರೆ ಸಂಪರ್ಕ ಬಿಟ್ಟು ಬಿಟ್ಟು ಹತ್ತುತ್ತಿದೆ ಎಂದು ತಿಳಿಯಬೇಕು. ಎಳೆಯುವ ಕರೆಂಟು ಕಡಿಮೆಯಾದರೂ ಇಂಥ ಸಡಿಲ ಸಂಪರ್ಕವೇ ಪ್ಲಾಸ್ಟಿಕ್ಕನ್ನು ಸುಡುವುದು. ಕುರ್ಚಿಯ ಬೆನ್ನನ್ನು ಒತ್ತುಕೊಟ್ಟು ನಿಲ್ಲಿಸಿ ಆಡಿದ್ದೂ ಉಂಟು, ಆದರೆ ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಗೋಡೆಯ ಮೇಲೆ ಇಟ್ಟುಕೊಂಡು ಆಡುವುದರಲ್ಲಿ ಸುಖವಿಲ್ಲ.

ಸರಿಯಾದ ಪರಿಹಾರ ಅಗ್ಗದ್ದೇ. ಅಡಾಪ್ಟರಿನ ಇನ್ನೊಂದು ತುದಿಯ ಕಿಂಡಿ ಡೆಸ್ಕ್‌ಟಾಪಿಗೆ, ಮಾನಿಟರಿಗೆ ಹಾಕುವ ಸಾಮಾನ್ಯ ಪವರ್ ಕೇಬಲಿನದೇ ಆಗಿದ್ದರೆ, ಸಣ್ಣ ಮೂರು ಪಿನ್ನಿನ ಬೇರೆ ಕೇಬಲ್ ತಂದರೆ ಸಾಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅದು ಸಿಗದ ಅಂಗಡಿಯಿಲ್ಲ. ಐಎಸ್‌ಐ ಗುರುತಿದೆಯೇ, ತಂತಿ ತೀರಾ ತೆಳುವಲ್ಲವೇ ಎಂದು ನೋಡಿ ಕೊಳ್ಳಬೇಕಷ್ಟೆ. ಆದರೆ ಸಹಾಯವಾಣಿಯವರನ್ನು ವಿಚಾರಿಸಿದಾಗ, ಪೆಟ್ಟಿಗೆಯಲ್ಲಿ ಬಂದ ಕೇಬಲನ್ನೇ ಬಳಸಬೇಕು, ಬೇರೆ ಕೇಬಲ್ ಹಾಕಿ ಏನಾದರೂ ಆದರೆ ವಾರಂಟಿಯಲ್ಲಿ ನೋಡಿಕೊಳ್ಳಲಾಗದು ಎಂಬ ಉತ್ತರ ಬಂತು. ನನ್ನದೇ ಯಂತ್ರವಾಗಿದ್ದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ; ಎರವಲು ವಸ್ತುವಿನ ವಿಷಯದಲ್ಲಿ ಹಾಗೆ ಮಾಡಲಾಗುವುದಿಲ್ಲ. ಹದಿನಾರರ ಅಡಾಪ್ಟರು ಸಣ್ಣ ಪ್ಲಗ್ಗಿನೊಂದಿಗೇ ಬಂತು. ಕೊಳ್ಳುವಾಗ ಅಂಗಡಿಯವರಿಂದ ಪೆಟ್ಟಿಗೆ ತೆಗೆಸಿ, ಲ್ಯಾಪ್‌ಟಾಪನ್ನು ಬದಿಗಿಟ್ಟು ಮೊದಲು ಪ್ಲಗ್ಗನ್ನೇ ನೋಡಿದೆ.

ರೈಲಿನಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಬೋಗಿಯ ಚಾರ್ಜಿಂಗ್ ಪಾಯಿಂಟ್ ಇರುವುದು ಮೊಬೈಲಿಗೆ, ಸಾಧಾರಣ ಲ್ಯಾಪ್‌ಟಾಪಿಗೆ; 110 ವೋಲ್ಟಿನ ಆ ಪಾಯಿಂಟಿಗೆ 330 ವ್ಯಾಟಿನ ಅಡಾಪ್ಟರ್ ಸಿಕ್ಕಿಸುವುದು ಸಹಪ್ರಯಾಣಿಕರಿಗೆ ಮಾಡುವ ಅನ್ಯಾಯ. ಹದಿನಾರು ಟೈಪ್-ಸಿ ಮೂಲಕವೂ ಚಾರ್ಜ್ ಆಗುವುದರಿಂದ ಕಚೇರಿಯ ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್ ಎರಡಕ್ಕೂ ಸಾಕಾಗುತ್ತದೆ. ಅದರಲ್ಲಿ ಭಾರೀ ಆಟ ನಡೆಯುವುದಿಲ್ಲ, ಆದರೆ ಚಲನಚಿತ್ರ ನೋಡಬಹುದು, ಇಳಿಯುವ ಹೊತ್ತಿಗೆ ಬ್ಯಾಟರಿ ತುಂಬಿರುತ್ತದೆ. ಹದಿನೆಂಟರಲ್ಲಿಯೂ ಟೈಪ್-ಸಿ ಕಿಂಡಿ ಇದೆ. ನನ್ನ ಕೈಗೆ ಬಂದದ್ದರಲ್ಲಿ ಅದು ಮಾನಿಟರಿಗೆ ಚಿತ್ರ ಕಳುಹಿಸುತ್ತದೆಯೇ ಹೊರತು ಕರೆಂಟು ತೆಗೆದುಕೊಳ್ಳುವುದಿಲ್ಲ. ರಾತ್ರಿ ರೈಲಿನವರು ಇನ್ನೊಂದನ್ನು ನೆನಪಿಡಬೇಕು: 2013ರ ಡಿಸೆಂಬರಿನಲ್ಲಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಕಿ ಅನಾಹುತವಾದ ಬಳಿಕ, ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್‌ಗಳನ್ನು ಬಂದ್ ಮಾಡಬೇಕೆಂದು ರೈಲ್ವೆ ಸುರಕ್ಷತಾ ಆಯುಕ್ತರು ಶಿಫಾರಸು ಮಾಡಿದ್ದರು. ಹತ್ತಿದ ಕೂಡಲೇ ಚಾರ್ಜಿಗೆ ಹಾಕಿಬಿಡುವುದು ಕ್ಷೇಮ.

2023ರ ಜೂನ್‌ನಿಂದ ಓಡುತ್ತಿರುವ ಧಾರವಾಡದ ವಂದೇ ಭಾರತ್‌ನಲ್ಲಿ ಮುಂದಿನ ಸೀಟಿನ ಬೆನ್ನಿಗಿರುವ ಮಡಚುವ ಮೇಜಿನ ಮೇಲೆ ಹದಿನಾರು ಹೇಗೋ ಕೂರುತ್ತದೆ. ಹದಿನೆಂಟು ಎರಡೂ ಕಡೆ ಹೊರಚಾಚಿ, ಮುಂದಿನವರು ಸೀಟು ಹಿಂದಕ್ಕೆ ವಾಲಿಸಿದರೆ ಪರದೆಯನ್ನು ಪೂರ್ತಿ ತೆರೆಯಲೂ ಬಿಡುವುದಿಲ್ಲ. ಚೀಲವೂ ಬೇರೆ ಬೇಕು. ಸಾಮಾನ್ಯ ಬ್ಯಾಕ್‌ಪ್ಯಾಕಿನ ಲ್ಯಾಪ್‌ಟಾಪ್ ಖಾನೆಯ ಜಿಪ್ಪು ಇದರ ಮೂಲೆಯ ಬಳಿ ಬಂದು ನಿಂತುಬಿಡುತ್ತದೆ.

ಇನ್ನು ಶಕ್ತಿಯ ಮಾತು. ಹದಿನೆಂಟರಲ್ಲಿರುವುದು 175 ವ್ಯಾಟ್‌ವರೆಗೆ ಹೋಗುವ ಆರ್‌ಟಿಎಕ್ಸ್ 4080 ಎಂಬ ಗ್ರಾಫಿಕ್ಸ್ ಚಿಪ್, ಹದಿನಾರರಲ್ಲಿ ಅದೇ ಸರಣಿಯ 105 ವ್ಯಾಟಿನ 4070. ಇಲ್ಲಿ ಎರಡು ಸಂಗತಿಗಳನ್ನು ಅಂಗಡಿಯವರು ಹೇಳುವುದಿಲ್ಲ. ಮೊದಲನೆಯದು, ಲ್ಯಾಪ್‌ಟಾಪಿನ 4080 ಡೆಸ್ಕ್‌ಟಾಪಿನ 4080 ಅಲ್ಲ. ಡೆಸ್ಕ್‌ಟಾಪಿನದರಲ್ಲಿ 9,728 ಕೋರ್‌ಗಳೂ 16 ಜಿಬಿ ಮೆಮೊರಿಯೂ ಇದ್ದರೆ, ಇದರಲ್ಲಿ 7,424 ಕೋರ್‌ಗಳು, 12 ಜಿಬಿ. ಎರಡನೆಯದು, 4070 ಎಂಬ ಒಂದೇ ಹೆಸರಿನಡಿ 35ರಿಂದ 115 ವ್ಯಾಟ್‌ವರೆಗೆ, ಪ್ರೊಸೆಸರಿನ ಪಾಲಿನ ಕರೆಂಟನ್ನು ಗ್ರಾಫಿಕ್ಸ್ ಚಿಪ್ಪಿಗೆ ತಿರುಗಿಸುವ ಡೈನಾಮಿಕ್ ಬೂಸ್ಟ್ ಸೇರಿದರೆ 140ರವರೆಗೆ, ಯಾವ ಮಟ್ಟದ ಚಿಪ್ಪಾದರೂ ಸಿಗಬಹುದು. ಅದೃಷ್ಟಕ್ಕೆ ಈ ಚಿಪ್ಪು 100 ವ್ಯಾಟಿನ ಆಸುಪಾಸಿನಲ್ಲಿಯೇ ತನ್ನ ಸಾಮರ್ಥ್ಯದ ಬಹುಪಾಲನ್ನು ತೋರಿಸಿಬಿಡುತ್ತದೆ. ಹೀಗಾಗಿ 140 ವ್ಯಾಟ್ ಎಂದು ಮೆರೆಯುವ ದಪ್ಪ ಲ್ಯಾಪ್‌ಟಾಪಿಗೂ ನನ್ನ ತೆಳು ಯಂತ್ರಕ್ಕೂ ಆಟದಲ್ಲಿ ಕಾಣುವ ಅಂತರ ಸಣ್ಣದು. ಆದರೆ 4080ರೊಂದಿಗೆ ಅದು ಸ್ಪರ್ಧಿಸಲಾರದು, ಅದರಲ್ಲಿ ವಾದವಿಲ್ಲ. ಸೈಬರ್‌ಪಂಕ್ 2077 ಆಟದಲ್ಲಿ ಪಾತ್ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ವಿಧಾನ) ಹಾಕಿದರೆ ಹದಿನೆಂಟು ಸಲೀಸಾಗಿ ಸಾಗುತ್ತದೆ, ಹದಿನಾರರ 8 ಜಿಬಿ ಮೆಮೊರಿ ತುಂಬಿ ಚಿತ್ರ ತಡವರಿಸುತ್ತದೆ. ನಾನು ಹೆಚ್ಚು ಆಡುವುದು ಎಲ್ಡನ್ ರಿಂಗ್. ಆ ಆಟಕ್ಕೆ ಸೆಕೆಂಡಿಗೆ 60 ಫ್ರೇಮುಗಳೆಂಬ ಮಿತಿ ಇದೆ, ಅಷ್ಟನ್ನು ಎರಡೂ ಯಂತ್ರಗಳು ಕೊಡುತ್ತವೆ. ಬೆಲೆಯಲ್ಲಿರುವ ಲಕ್ಷದ ಮೇಲಿನ ವ್ಯತ್ಯಾಸ ಅಲ್ಲಿ ಪರದೆಯ ಮೇಲೆ ಕಾಣುವುದೇ ಇಲ್ಲ.

ಲಾಡ್ಜಿನ ಮೇಜು ಎಂಬುದು ಬಹುತೇಕ ಕಡೆ ಕನ್ನಡಿಯ ಕೆಳಗಿನ ಒಂದು ಹಲಗೆ. ಹದಿನೆಂಟನ್ನು ಅಲ್ಲಿಟ್ಟರೆ ಮೌಸಿಗೆ ಜಾಗವಿಲ್ಲ, ಹಿಂಬದಿಯ ಬಿಸಿಗಾಳಿ ನೇರ ಕನ್ನಡಿಗೆ ಬಡಿದು ವಾಪಸ್ಸು ಬರುತ್ತದೆ. ಮಂಚದ ಮೇಲಿಟ್ಟರೆ ಹಾಸಿಗೆಯೇ ಗಾಳಿಕಿಂಡಿಗಳನ್ನು ಮುಚ್ಚುತ್ತದೆ. ಸದ್ದಿನ ವಿಷಯದಲ್ಲಿ ಮಾತ್ರ ದೊಡ್ಡದಕ್ಕೇ ಅಂಕ: ಅದರ ಫ್ಯಾನುಗಳ ಸದ್ದು ದಪ್ಪನೆಯದು, ಹದಿನಾರರದು ಕೀರಲು. ಕೋಣೆ ಹಂಚಿಕೊಂಡ ಸಹೋದ್ಯೋಗಿಯ ನಿದ್ದೆಯ ಸಲುವಾಗಿ ನಾನು ಫ್ರೇಮುಗಳನ್ನು 60ಕ್ಕೆ ಕಟ್ಟಿಹಾಕುತ್ತೇನೆ, ಆಗ ಸದ್ದು ಸಹಿಸುವಷ್ಟಾಗುತ್ತದೆ.

ಪರದೆ ಹದಿನೆಂಟರದೇ ಚೆಂದ. ಬಿಂದುಗಳ ಸಂಖ್ಯೆ ಎರಡರಲ್ಲೂ 2560×1600 ಆದರೂ ಹರವು ಹರವೇ. ರ‍್ಯಾಮನ್ನು ಮುಂದೆ ಹೆಚ್ಚಿಸಿಕೊಳ್ಳುವ ಅನುಕೂಲ ಹದಿನೆಂಟರಲ್ಲಿದೆ. ಹದಿನಾರರಲ್ಲಿ ಅದು ಮದರ್‌ಬೋರ್ಡಿಗೇ ಬೆಸೆದಿದೆ, ಆದ್ದರಿಂದ ಕೊಳ್ಳುವಾಗಲೇ 32 ಜಿಬಿಯದನ್ನು ತೆಗೆದುಕೊಳ್ಳಬೇಕು.

ನನ್ನ ಮೆಚ್ಚಿನ ಯಂತ್ರದ ಒಂದು ಕಾಟವನ್ನು ಮುಚ್ಚಿಡುವುದಿಲ್ಲ. ಅದರದು ಲೋಹದ ಮೈ. ಎರಡು ಪಿನ್ನಿನ ಟೈಪ್-ಸಿ ಚಾರ್ಜರಿನಲ್ಲಿ ಅರ್ತಿಂಗ್ ಇರುವುದಿಲ್ಲ. ಮೂರು ಪಿನ್ನಿನ ಅಡಾಪ್ಟರ್ ಹಾಕಿದರೂ ಹಳೆಯ ಲಾಡ್ಜಿನ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿರುವುದುಂಟು. ಆಗ ಮುಂಗೈ ಲೋಹದ ಅಂಚಿಗೆ ತಾಕಿದರೆ ಜುಮ್ಮೆನ್ನುತ್ತದೆ. ಬರಿಗಾಲು ನೆಲಕ್ಕೆ ಊರಿದ್ದರೆ ಇನ್ನೂ ಜೋರು. ಅಡಾಪ್ಟರಿನೊಳಗಿನ ಶೋಧಕ ಕೆಪಾಸಿಟರುಗಳಿಂದ ಸೋರುವ ಅತ್ಯಲ್ಪ ಕರೆಂಟು ಅದು, ಸರಿಯಾದ ಅಡಾಪ್ಟರಾದರೆ ಅಪಾಯದ ಮಟ್ಟದ್ದಲ್ಲ, ಆದರೆ ಕಿರಿಕಿರಿ ಹೌದು. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಆಡುತ್ತೇನೆ. ಹದಿನೆಂಟರದು ಪ್ಲಾಸ್ಟಿಕ್ ಮೈಯಾದ್ದರಿಂದ ಈ ತೊಂದರೆಯಿಲ್ಲ.

ಹದಿನಾಲ್ಕು ಇಂಚಿನದು ಏಕೆ ಬೇಡ ಎಂದು ಕೇಳುವವರಿರುತ್ತಾರೆ. ಸಹೋದ್ಯೋಗಿಯೊಬ್ಬರದನ್ನು ಆಡಿ ನೋಡಿದ್ದೇನೆ. ಯಂತ್ರ ಒಳ್ಳೆಯದೇ, ಆದರೆ ನನ್ನ ವಯಸ್ಸಿನ ಕಣ್ಣಿಗೆ ಆಟದೊಳಗಿನ ಅಕ್ಷರಗಳು ಓದಲಾಗುವುದಿಲ್ಲ.

ನನ್ನ ಮಿತಿ ಎರಡು ಲಕ್ಷವಾಗಿತ್ತು, ಹದಿನಾರು ಅದರೊಳಗೆ ಬಂತು. ಹದಿನೆಂಟಕ್ಕೆ ಭಾವನವರು ಮೂರರ ಹತ್ತಿರ ಕೊಟ್ಟಿದ್ದಾರೆ. ಅವರು ಕಾರಿನಲ್ಲಿ ಹೋಗುತ್ತಾರೆ, ಹೋದ ಕಡೆ ವಾರಗಟ್ಟಲೆ ಒಂದೇ ಮನೆಯಲ್ಲಿರುತ್ತಾರೆ, ಆಟಕ್ಕಿಂತ ಹೆಚ್ಚಾಗಿ 4ಕೆ ವಿಡಿಯೊ ಹೊರತೆಗೆಯುತ್ತಾರೆ. ಅಂಥವರಿಗೆ ಹದಿನೆಂಟೇ ಸರಿ, ಜೊತೆಗೆ ಸಣ್ಣ ಪ್ಲಗ್ಗಿನ ಕೇಬಲೊಂದನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡಿರಲಿ. ರೈಲು, ಬಸ್ಸು, ಲಾಡ್ಜುಗಳ ನಡುವೆ ಓಡಾಡುವ ನನ್ನಂಥವರು ಹದಿನಾರನ್ನು ಬಿಟ್ಟು ಬೇರೆಡೆ ನೋಡಬೇಕಾಗಿಲ್ಲ. ಈಗ ಹೊಸದಾಗಿ ಕೊಳ್ಳುವವರು 2025ರಲ್ಲಿ ಬಂದ ಆರ್‌ಟಿಎಕ್ಸ್ 50ರ ಸರಣಿಯ ಚಿಪ್ಪುಗಳಲ್ಲಿಯೂ ಮೆಮೊರಿಯನ್ನು ನೋಡಿಯೇ ಆರಿಸಬೇಕು: ಲ್ಯಾಪ್‌ಟಾಪಿನ 5070ಕ್ಕೆ ಇನ್ನೂ 8 ಜಿಬಿಯೇ, 5070 ಟಿಐಗೆ 12. ಇದೇ ಗಾತ್ರದಲ್ಲಿ, ಟೈಪ್-ಸಿ ಚಾರ್ಜಿಂಗ್ ಸಮೇತ ಎರಡನೆಯದು ಸಿಕ್ಕರೆ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟು ಅದನ್ನೇ ತೆಗೆದುಕೊಳ್ಳಿ.