ಫ್ರೀ ಸಾಫ್ಟ್‌ವೇರ್ ಹಾಕಿಕೊಡ್ತೀವಿ ಅಂತ ಅಂಗಡಿಗೆ ಬಂದವರಿಗೆ ಅಡ್ವಾನ್ಸ್ ಕೊಡುವ ಮುಂಚೆ

ಸಣ್ಣ ಅಂಗಡಿ, ಏಜೆನ್ಸಿ, ಗೋಡೌನ್ ನಡೆಸುವವರು ದಯವಿಟ್ಟು ಇದನ್ನು ಓದಿ. "ಓಪನ್ ಸೋರ್ಸ್ ಸಾಫ್ಟ್‌ವೇರ್, ಪೂರ್ತಿ ಫ್ರೀ, ಲೈಸೆನ್ಸ್ ದುಡ್ಡೇ ಇಲ್ಲ" ಎಂದು ಹೇಳಿ ಗಿರಾಕಿ ಹಿಡಿಯುವವರು ಈಗ ನಮ್ಮಂಥ ತಾಲ್ಲೂಕು ಊರುಗಳಿಗೂ ಬರುತ್ತಿದ್ದಾರೆ. ಓಪನ್ ಸೋರ್ಸ್ ಅಂದರೆ ಅದರ ಕೋಡನ್ನು, ಅಂದರೆ ಸಾಫ್ಟ್‌ವೇರಿನ ಮೂಲ ಬರಹವನ್ನು, ಯಾರು ಬೇಕಾದರೂ ನೋಡಿ ತಿದ್ದಿ ಬಳಸಬಹುದು. ಹೀಗೆ ಬರುವವರಲ್ಲಿ ಒಳ್ಳೆಯವರೂ ಇದ್ದಾರೆ. ನಮಗೆ ಸಿಕ್ಕವರು ಅಂಥವರಲ್ಲ. ನಮ್ಮ ಭಾವನ ಅಂಗಡಿಯ ಉದ್ರಿ ಲೆಕ್ಕ ಪೂರ್ತಿ ಅವರ ಹತ್ತಿರವೇ ಉಳಿದುಹೋಯಿತು. ಬೇರೆಯವರಿಗೆ ಹಾಗಾಗಬಾರದು.

ಭಾವನದು ತಿಪಟೂರಿನಲ್ಲಿ ಸಿಮೆಂಟ್, ಕಬ್ಬಿಣ, ಪೈಪಿನ ವ್ಯಾಪಾರ. ಸಂಜೆ ಹೊತ್ತು ಲೆಕ್ಕ ನೋಡುವವಳು ನಾನು. 2023ರಲ್ಲಿ ಇಬ್ಬರು ಹುಡುಗರು ಬಂದರು. ಮಾತು ನಯ, ಕೈಯಲ್ಲಿ ಲ್ಯಾಪ್‌ಟಾಪ್. "ವರ್ಷ ವರ್ಷ ರಿನ್ಯೂವಲ್ ಅಂತ ಯಾಕಣ್ಣ ದುಡ್ಡು ಸುರೀತೀರ? ಇದು ಫ್ರೀ. ಹಾಕಿಕೊಡೋದಕ್ಕೆ ಒಂದು ಸಲ ಹದಿನೈದು ಸಾವಿರ, ಆಮೇಲೆ ಬರೀ ಸರ್ವರ್ ಖರ್ಚು ಕೊಡಿ ಸಾಕು" ಎಂದರು. ಸರ್ವರ್ ಅಂದರೆ ಸಾಫ್ಟ್‌ವೇರೂ ನಮ್ಮ ಲೆಕ್ಕವೂ ಇರುವ, ಇಂಟರ್ನೆಟ್ ಮೂಲಕ ಸಿಗುವ ಕಂಪ್ಯೂಟರ್. ಒಪ್ಪಂದ ಅಂತ ಏನೂ ಬರೆಯಲಿಲ್ಲ. ವಾಟ್ಸಾಪ್‌ನಲ್ಲಿ ಒಂದು ಕೊಟೇಶನ್ ಬಂತು, ಅಷ್ಟೇ.

ಮೊದಮೊದಲು ಕೆಲಸ ಚೆನ್ನಾಗಿಯೇ ನಡೆಯಿತು. ಎಷ್ಟು ಚೀಲ ಸಿಮೆಂಟ್ ಉಳಿದಿದೆ, ಯಾವ ಮೇಸ್ತ್ರಿಯ ಬಾಕಿ ಎಷ್ಟು ತಿಂಗಳಿಂದ ನಿಂತಿದೆ, ಎಲ್ಲ ಫೋನಿನಲ್ಲೇ ಕಾಣುತ್ತಿತ್ತು. ಅದಕ್ಕೇ ಭಾವ ಉದ್ರಿ ಪುಸ್ತಕ ಬರೆಯುವುದನ್ನು ನಿಲ್ಲಿಸಿದರು. ಪರದೆ ಮೇಲೆ ಆ ಹುಡುಗರ ಕಂಪನಿಯ ಹೆಸರು, ಅವರದೇ ಲೋಗೋ. ಒಳಗಿರುವುದು ಇಆರ್‌ಪಿನೆಕ್ಸ್ಟ್ ಎಂಬ, ಬಿಲ್ ಮತ್ತು ಲೆಕ್ಕ ನೋಡಿಕೊಳ್ಳುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಎಂದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅದು ಮುಂಬೈನ ಫ್ರಾಪೆ ಕಂಪನಿ ಮಾಡಿದ್ದು. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಆ ಸಾಫ್ಟ್‌ವೇರ್ ಬಗ್ಗೆ ನನ್ನ ದೂರು ಇಲ್ಲವೇ ಇಲ್ಲ. ನಾವು ಈಗಲೂ ಅದನ್ನೇ ಬಳಸುತ್ತಿದ್ದೇವೆ.

ಪೆಟ್ಟು ಬಿದ್ದದ್ದು ಜಿಎಸ್‌ಟಿ ದರ ಬದಲಾದಾಗ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಹೊರಬಿತ್ತು. ಸಿಮೆಂಟ್ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಜಾರಿ ಸೆಪ್ಟೆಂಬರ್ 22ರಿಂದ, ನವರಾತ್ರಿಯ ಮೊದಲ ದಿನ. ತೆರಿಗೆ ಬಿಟ್ಟು ಚೀಲಕ್ಕೆ 300 ರೂಪಾಯಿ ಅಂತಿಟ್ಟುಕೊಳ್ಳಿ. ಮೊದಲು ಗಿರಾಕಿ ಕೈಯಿಂದ 384 ಹೋಗುತ್ತಿತ್ತು, ಈಗ 354. ನಾನೂರು ಚೀಲ ಬೇಕಾದ ಮನೆಗೆ ಹನ್ನೆರಡು ಸಾವಿರ ಉಳಿತಾಯ. ಜನ ಸುಮ್ನೆ ಬಿಡುತ್ತಾರಾ? ಎಷ್ಟೋ ಜನ ಖರೀದಿ ತಡೆದು, ಆ ದಿನಕ್ಕೇ ಕಾದು ಬಂದರು.

ನಮ್ಮ ಬಿಲ್ಲಿನಲ್ಲಿ ಮಾತ್ರ ಇನ್ನೂ 28 ಬರುತ್ತಿತ್ತು. ದರ ಬದಲಾಯಿಸುವ ಅಧಿಕಾರವೇ ನಮ್ಮ ಲಾಗಿನ್‌ಗೆ ಇರಲಿಲ್ಲ. ಬಿಲ್ ಹಾಕಬಹುದು, ನೋಡಬಹುದು, ಅಷ್ಟೇ. ಎಕ್ಸೆಲ್‌ಗೆ ಇಳಿಸಿಕೊಳ್ಳುವುದನ್ನೂ ಅವರು ಬಂದ್ ಮಾಡಿಟ್ಟಿದ್ದರು. ಎಲ್ಲ ಅಧಿಕಾರ ಇರುವ ಅಡ್ಮಿನ್ ಲಾಗಿನ್ನಿನ ಪಾಸ್‌ವರ್ಡ್ ಕೇಳಿದಾಗಲೆಲ್ಲ "ನೀವು ಏನಾದ್ರೂ ಅಳಿಸಿಬಿಡ್ತೀರ ಅಕ್ಕ, ನಮ್ಮ ಹತ್ರನೇ ಇರಲಿ" ಎನ್ನುತ್ತಿದ್ದರು. ಆ ದಿನ ಫೋನ್ ಮಾಡಿದರೆ ಎತ್ತಲಿಲ್ಲ. ಸಂಜೆ ಒಂದು ಮೆಸೇಜ್ ಬಂತು: ಹೊಸ ಜಿಎಸ್‌ಟಿ ಕೆಲಸ ಬೇರೆ, ರಿನ್ಯೂವಲ್ ಬೇರೆ, ಎರಡೂ ಸೇರಿ 48,000. ಯಾವುದು ರಿನ್ಯೂವಲ್ ಇಲ್ಲ ಎಂದು ಹೇಳಿ ಒಳಗೆ ಬಂದಿದ್ದರೋ ಅದಕ್ಕೇ ಈಗ ರಿನ್ಯೂವಲ್!

ಆಮೇಲೆ ತಿಳಿದವರನ್ನು ಕೇಳಿದೆ. ಅಡ್ಮಿನ್ ಅಧಿಕಾರ ಇದ್ದರೆ ಹೊಸ ದರದ ಟ್ಯಾಕ್ಸ್ ಟೆಂಪ್ಲೇಟ್ (ತೆರಿಗೆ ದರದ ನಮೂನೆ) ಮಾಡಿ ಸಿಮೆಂಟ್ ಐಟಂಗಳಿಗೆ ಜೋಡಿಸಿದರೆ ಮುಗಿಯಿತಂತೆ. ನಮ್ಮಷ್ಟು ಐಟಂ ಇರುವ ಅಂಗಡಿಗೆ ಒಂದು ಮಧ್ಯಾಹ್ನದ ಕೆಲಸ.

ಅಷ್ಟರಲ್ಲಿ ಬಿಲ್ ಬುಕ್ ತಂದು ಕೈಯಲ್ಲಿ ಬರೆಯಲು ಶುರು ಮಾಡಿದೆವು. ಗಿರಾಕಿಗಳಿಂದ ಜಾಸ್ತಿ ವಸೂಲಿ ಮಾಡಿದ ತೆರಿಗೆಯನ್ನು ಅಂಗಡಿ ಇಟ್ಟುಕೊಳ್ಳುವ ಹಾಗಿಲ್ಲ, ಅದು ಸರ್ಕಾರಕ್ಕೇ ಹೋಗಬೇಕು. ತಪ್ಪು ದರದ ಬಿಲ್ ಕೊಟ್ಟರೆ ಗಿರಾಕಿಗೂ ನಷ್ಟ, ನಮಗೂ ತಲೆನೋವು. ದುಡ್ಡಿನ ವಿಚಾರ ಮಾತಾಡೋಣ, ಮೊದಲು ನಮ್ಮ ಡೇಟಾ ಕೊಡಿ ಎಂದು ಭಾವ ಕೇಳಿದರು. ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಲಾಗಿನ್ನೇ ಆಗಲಿಲ್ಲ. ಸೈಟಿನ ವಿಳಾಸವೂ ಅವರ ಹೆಸರಲ್ಲೇ ಇತ್ತು, ಸರ್ವರೂ ಅವರದೇ. ಜಗಳವಾಡಿದ ಮೇಲೆ ಒಂದಷ್ಟು ಪಿಡಿಎಫ್ ಮತ್ತು ಐಟಂ ಪಟ್ಟಿ ಕಳಿಸಿದರು. "ನಿಮಗೋಸ್ಕರ ಒಳಗಿನ ಕೋಡ್ ಬದಲಾಯಿಸಿದ್ದೀವಿ, ಬ್ಯಾಕಪ್ ಕೊಟ್ಟರೂ ಬೇರೆ ಕಡೆ ನಡೆಯಲ್ಲ" ಎಂದರು. ಬ್ಯಾಕಪ್ ಅಂದರೆ ಪೂರ್ತಿ ಲೆಕ್ಕದ ನಕಲು.

ಕಳೆದುಹೋದದ್ದರಲ್ಲಿ ಏನು ವಾಪಸ್ ಸಿಕ್ಕಿತು ಅಂದರೆ, ಖರೀದಿ ಲೆಕ್ಕ ಸಿಕ್ಕಿತು. ನಮಗೆ ಮಾಲು ಕೊಟ್ಟವರು ರಿಟರ್ನ್ ಹಾಕಿರುತ್ತಾರಲ್ಲ, ಅದು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮ್ಮ ಖರೀದಿ ತೋರಿಸುವ ಜಿಎಸ್‌ಟಿಆರ್-2ಬಿಯಲ್ಲಿ ಬಿಲ್ ಬಿಲ್ ಆಗಿ ಇರುತ್ತದೆ. ಜಿಎಸ್‌ಟಿ ನಂಬರ್ ಇರುವ ಕಂಟ್ರಾಕ್ಟರುಗಳಿಗೆ ಮಾರಿದ ಬಿಲ್‌ಗಳೂ ನಾವು ಹಾಕುವ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಸಿಕ್ಕವು. ಆದರೆ ನಂಬರ್ ಇಲ್ಲದ ಮಾಮೂಲಿ ಗಿರಾಕಿಗಳ ಮಾರಾಟ ಅಲ್ಲಿಗೆ ಹೋಗುವುದು ದರಕ್ಕೊಂದು ಒಟ್ಟು ಮೊತ್ತವಾಗಿ. ಯಾರಿಗೆ, ಎಷ್ಟು, ಬಾಕಿ ಉಳಿದಿದೆಯೋ ಇಲ್ಲವೋ, ಅದ್ಯಾವುದೂ ಅದರಲ್ಲಿ ಇರುವುದಿಲ್ಲ. ಆಡಿಟರ್ ಹತ್ತಿರವೂ ಮಾರಾಟದ ರಿಜಿಸ್ಟರ್ ಮಾತ್ರ ಇತ್ತು.

ನಮ್ಮ ವ್ಯಾಪಾರ ನಿಂತಿರುವುದೇ ಆ ಮಾಮೂಲಿ ಗಿರಾಕಿಗಳ ಮೇಲೆ. ಮನೆ ಕಟ್ಟುವವರು, ಗಾರೆ ಮೇಸ್ತ್ರಿಗಳು, ತೋಟಕ್ಕೆ ಪೈಪು ಒಯ್ಯುವವರು. ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ ಅಂತ ಒಯ್ದಿರುತ್ತಾರೆ. ಭಾವ ಒಬ್ಬೊಬ್ಬರಿಗೂ ಫೋನ್ ಮಾಡಿ, ನಿಮ್ಮ ಬಾಕಿ ಎಷ್ಟು ಅಂತ ನೀವೇ ಹೇಳಿ ಎಂದು ಕೇಳಬೇಕಾಯಿತು. ಇಷ್ಟು ವರ್ಷ ಅಂಗಡಿ ನಡೆಸಿದವರಿಗೆ ಅದಕ್ಕಿಂತ ಕಷ್ಟದ ಮಾತು ಬೇರೆ ಇಲ್ಲ. ಬಹಳ ಜನ ನಿಜ ಹೇಳಿದರು, ಹಳೇ ಬಿಲ್ಲಿನ ಫೋಟೋ ಹುಡುಕಿ ಕಳಿಸಿದರು. ಅವರ ಋಣ ನಮ್ಮ ಮೇಲಿದೆ. ಕೆಲವರು ಕೊಟ್ಟಾಗಿದೆ ಎಂದರು. ಇಲ್ಲ ಎನ್ನಲು ನಮ್ಮ ಹತ್ತಿರ ಕಾಗದವೇ ಇರಲಿಲ್ಲ.

ಈಗ ಇದರ ಒಳಗುಟ್ಟು ಹೇಳುತ್ತೇನೆ. ಇದನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಇಆರ್‌ಪಿನೆಕ್ಸ್ಟ್ ಇರುವುದು ಜಿಪಿಎಲ್ 3 ಎಂಬ ಲೈಸೆನ್ಸಿನಲ್ಲಿ. ಅದನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು, ಹಾಕಿಕೊಡುವ ಕೆಲಸಕ್ಕೆ ಕೂಲಿಯನ್ನೂ ಕೇಳಬಹುದು. ನಿಮ್ಮ ಕಂಪ್ಯೂಟರಿಗೇ ಒಂದು ಪ್ರತಿ ಹಾಕಿಕೊಟ್ಟರೆ, ಅವರು ತಿದ್ದಿದ ಕೋಡನ್ನೂ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ಅವರ ಸರ್ವರ್‌ನಲ್ಲಿಟ್ಟು ನಿಮಗೆ ಬ್ರೌಸರ್‌ನಲ್ಲಿ ತೋರಿಸಿದರೆ, ಪ್ರತಿ ಕೊಟ್ಟ ಹಾಗೆ ಆಗುವುದಿಲ್ಲ. ಆಗ ತಿದ್ದಿದ ಕೋಡ್ ಕೊಡಬೇಕು ಅಂತ ಜಿಪಿಎಲ್ ಹೇಳುವುದಿಲ್ಲ. ಎಜಿಪಿಎಲ್ ಎಂಬ ಇನ್ನೊಂದು ಲೈಸೆನ್ಸ್ ಈ ಕಂಡಿಯನ್ನು ಮುಚ್ಚುತ್ತದೆ. ನಮ್ಮಲ್ಲಿದ್ದದ್ದು ಅದಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಈ ಲೈಸೆನ್ಸುಗಳೆಲ್ಲ ಕೋಡಿನ ಬಗ್ಗೆ. ನಿಮ್ಮ ಬಿಲ್ಲು, ನಿಮ್ಮ ಬಾಕಿ, ನಿಮ್ಮ ಗಿರಾಕಿಗಳ ಪಟ್ಟಿ ನಿಮಗೆ ಸಿಗಬೇಕು ಎಂದು ಅವು ಏನೂ ಹೇಳುವುದಿಲ್ಲ. ಅದನ್ನು ನೀವೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಆದರೆ ಕಾನೂನು ಕೇಳುವುದು ನಿಮ್ಮನ್ನೇ. ಜಿಎಸ್‌ಟಿ ಲೆಕ್ಕದ ಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟಿರಬೇಕು. ಕಂಪ್ಯೂಟರ್‌ನಲ್ಲಿ ಲೆಕ್ಕ ಇಟ್ಟರೆ ಬ್ಯಾಕಪ್ ಇಡುವ ಜವಾಬ್ದಾರಿಯೂ ವ್ಯಾಪಾರಿಯದೇ. ಸಾಫ್ಟ್‌ವೇರ್‌ನವರು ಕೊಡಲಿಲ್ಲ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಕೋಡ್ ತಿದ್ದಿದ್ದೀವಿ ಎಂಬ ಮಾತಿಗೂ ಮೋಸ ಹೋಗಬೇಡಿ. ನಮ್ಮ ಅಂಗಡಿಗೆ ಬೇಕಿದ್ದದ್ದು ಲಾರಿ ನಂಬರ್ ಬರೆಯುವ ಒಂದು ಜಾಗ ಮತ್ತು ಬಿಲ್ಲಿನ ಬೇರೆ ನಮೂನೆ. ಎರಡನ್ನೂ ಮೂಲ ಕೋಡ್ ಮುಟ್ಟದೆ ಸೆಟ್ಟಿಂಗ್‌ನಲ್ಲೇ ಮಾಡಬಹುದು. ಅದಕ್ಕೂ ಜಾಸ್ತಿ ಬೇಕಾದರೆ ಬೇರೆ ಆ್ಯಪ್ ಆಗಿ ಬರೆದು ಜೋಡಿಸುವ ದಾರಿ ಇದೆ. ಮೂಲ ಕೋಡನ್ನೇ ಕೊರೆದರೆ ಮುಂದಿನ ಅಪ್‌ಡೇಟ್ ಹಾಕುವಾಗ ಗೋಜಲಾಗುತ್ತದೆ. ನೀವು ಅವರನ್ನು ಬಿಟ್ಟು ಹೋಗುವುದೂ ಕಷ್ಟವಾಗುತ್ತದೆ. ಕೆಲವರು ಬೇಕೆಂದೇ ಹೀಗೆ ಮಾಡುತ್ತಾರೆ ಎಂದೇ ನನಗನ್ನಿಸುತ್ತದೆ.

ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಈಗ ನಮಗೆ ಹಾಕಿಕೊಟ್ಟಿರುವ ತುಮಕೂರಿನ ಹುಡುಗಿ ಮೊದಲೇ ಹೇಳಿದಳು: ಸಾಫ್ಟ್‌ವೇರ್‌ಗೆ ದುಡ್ಡಿಲ್ಲ, ನನ್ನ ಕೆಲಸಕ್ಕೆ ಇಷ್ಟು, ಸರ್ವರ್ ನಿಮ್ಮ ಹೆಸರಲ್ಲೇ ತಗೊಳ್ಳಿ, ವರ್ಷಕ್ಕೆ ಇಷ್ಟು ಬರುತ್ತೆ. ಫ್ರೀ ಎಂಬ ಮಾತನ್ನು ಅವಳು ದೊಡ್ಡದು ಮಾಡಲೇ ಇಲ್ಲ. ಪ್ರಾಮಾಣಿಕವಾಗಿ ದುಡಿಯುವ ಇಂಥವರಿಗೂ ಆ ಇಬ್ಬರಿಂದ ಕೆಟ್ಟ ಹೆಸರು. ಈಗ ನಮ್ಮ ಬೀದಿಯಲ್ಲಿ ಓಪನ್ ಸೋರ್ಸ್ ಅಂದರೆ ಸಾಕು, ಜನ ಬೇಡಪ್ಪ ಅನ್ನುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುವುದು ಇದಕ್ಕೆ.

ಯಾರಾದರೂ ಬಂದರೆ, ಸರ್ವರ್ ಮತ್ತು ಸೈಟಿನ ವಿಳಾಸ ಯಾರ ಹೆಸರಲ್ಲಿ ಅಂತ ಮೊದಲು ಕೇಳಿ. ಅಡ್ಮಿನ್ ಪಾಸ್‌ವರ್ಡ್ ಒಂದು ನಿಮ್ಮ ಹತ್ತಿರ ಇರಲೇಬೇಕು. ಬಿಲ್ ಹಾಕುವ ಹುಡುಗರಿಗೆ ಅದನ್ನು ಕೊಡಬೇಡಿ, ಬೀಗ ಹಾಕಿ ಇಡಿ. ಎರಡನೇ ವರ್ಷದ ಖರ್ಚು ಎಷ್ಟು, ಸರ್ಕಾರ ದರ ಬದಲಾಯಿಸಿದರೆ ಯಾರು ಸರಿಮಾಡಬೇಕು, ನಾವು ಬಿಟ್ಟು ಹೋದರೆ ಎಷ್ಟು ದಿನದಲ್ಲಿ ಪೂರ್ತಿ ಬ್ಯಾಕಪ್ ಕೊಡಬೇಕು, ಇದನ್ನು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ.

ಈಗಾಗಲೇ ಇಂಥದ್ದನ್ನು ಬಳಸುತ್ತಿದ್ದೀರಾ? ಹಾಗಾದರೆ ಜಗಳ ಶುರುವಾಗುವ ಮುಂಚೆಯೇ, ಸಂಬಂಧ ಚೆನ್ನಾಗಿರುವಾಗಲೇ ಬ್ಯಾಕಪ್ ಕೇಳಿ. ಇಆರ್‌ಪಿನೆಕ್ಸ್ಟ್ ಆದರೆ ಸಿಸ್ಟಂ ಮ್ಯಾನೇಜರ್ (ಅಡ್ಮಿನ್ ಮಟ್ಟದ) ಅಧಿಕಾರ ಇರುವವರಿಗೆ ಬ್ಯಾಕಪ್ ಇಳಿಸಿಕೊಳ್ಳುವ ಪುಟವೇ ಇದೆ. ಆ ಫೈಲನ್ನು ಬೇರೆ ಯಾರಾದರೂ ತಿಳಿದವರ ಕಂಪ್ಯೂಟರಿನಲ್ಲಿ ಹಾಕಿಸಿ, ನಿನ್ನೆಯ ಬಿಲ್ ಕಾಣುತ್ತದಾ ನೋಡಿ. ಕಾಣದಿದ್ದರೆ ಬ್ಯಾಕಪ್ ಇಲ್ಲ ಅಂತಲೇ ಲೆಕ್ಕ. ಬ್ಯಾಕಪ್ ಸರಿಯಾಗಿ ಸಿಗುವ ತನಕ ಪ್ರತಿ ಶನಿವಾರ ಉದ್ರಿ ಪಟ್ಟಿಯನ್ನು ಪ್ರಿಂಟ್ ತೆಗೆದು ಫೈಲ್ ಮಾಡಿಡಿ. ಪ್ರಿಂಟೂ ಬರದಿದ್ದರೆ ಪರದೆಯ ಫೋಟೋ ತೆಗೆದುಕೊಳ್ಳಿ, ಅದೂ ನಡೆಯುತ್ತದೆ.